ಕಾಕಾನ ಆಟೊಮ್ಯಾಟಿಕ್ ಗಾಡಿ ಯಾಕೆ ಒದೆಯುತ್ತಿತ್ತು

ಮೊದಲು ಗಾಡಿ ಯಾವುದು ಅಂತ ಹೇಳಿಬಿಡುತ್ತೇನೆ. 2012ರ ಪೆಟ್ರೋಲ್ ಸೆಡಾನ್, 1.6 ಲೀಟರ್ ಇಂಜಿನ್, 4 ಗೇರಿನ ಆಟೊಮ್ಯಾಟಿಕ್. ಈಗ ಸಣ್ಣ ಗಾಡಿಗಳಲ್ಲಿ ಬರುವ ಎಎಂಟಿ (ಮ್ಯಾನ್ಯುಯಲ್ ಗೇರ್‌ಬಾಕ್ಸಿಗೇ ಕ್ಲಚ್ ಮತ್ತು ಗೇರ್ ತಾನೇ ಹಾಕುವ ಯಂತ್ರ ಕೂರಿಸಿದ್ದು) ಅಲ್ಲ, ಟಾರ್ಕ್ ಕನ್ವರ್ಟರ್ ಇರುವ ಹಳೇ ಪದ್ಧತಿಯದು. ಎಎಂಟಿ ಇಟ್ಟುಕೊಂಡವರಿಗೆ ಇಲ್ಲಿನ ಇಂಜಿನ್ ಭಾಗ ಉಪಯೋಗಕ್ಕೆ ಬರಬಹುದು, ಗೇರ್‌ಬಾಕ್ಸ್ ಭಾಗ ಬರುವುದಿಲ್ಲ, ಅದರ ಒಳಗಿನ ಸಂಸಾರವೇ ಬೇರೆ. ಓಡಿದ್ದು 84,000 ಕಿಲೋಮೀಟರ್. ಗಾಡಿ ನನ್ನದಲ್ಲ, ಗದಗಿನಲ್ಲಿರುವ ನಮ್ಮ ಕಾಕಾನದು. ನಿವೃತ್ತ ಮಾಸ್ತರು. ಎಡ ಮೊಣಕಾಲು ಸವೆದಿದೆ, ಕ್ಲಚ್ ತುಳಿಯಲು ಆಗುವುದಿಲ್ಲ, ಹಾಗಾಗಿ ಆಟೊಮ್ಯಾಟಿಕ್. ತಿಂಗಳಿಗೆ ಎರಡು ಸಲ ಹುಬ್ಬಳ್ಳಿಗೆ ಡಾಕ್ಟರ್ ಹತ್ತಿರ ಬರುತ್ತಾರೆ, ಆ ಗಾಡಿ ಇಲ್ಲ ಅಂದರೆ ಅವರ ಓಡಾಟವೇ ಇಲ್ಲ.

ಫೋನ್ ಬಂದಿದ್ದು ಒಂದು ಗುರುವಾರ ರಾತ್ರಿ.

"ತಮ್ಮಾ, ಗಾಡಿ ಕುದುರಿ ಒದ್ದಂಗ ಒದಿಯಾಕತ್ತೈತಿ ನೋಡಪ. ಸಿಗ್ನಲ್‌ನ್ಯಾಗ ನಿಂತ್ರ ಗಡಗಡ ನಡಗತೈತಿ. ಇಲ್ಲೆ ಗ್ಯಾರೇಜಿನವರು ಗೇರ್‌ಬಾಕ್ಸ ಹೋಗೈತಿ ಅಂದ್ರು. ತೊಂಬತ್ತೈದು ಸಾವಿರ ಅಂತ."

ನಾನು ಮೆಕ್ಯಾನಿಕ್ ಅಲ್ಲ. ಹುಬ್ಬಳ್ಳಿಯಲ್ಲಿ ಬೇರೆ ನೌಕರಿ, ಗಾಡಿ ಬಿಚ್ಚುವುದು ರವಿವಾರದ ಹುಚ್ಚು. ಆದರೂ ಒಂದು ಪ್ರಶ್ನೆ ಕೇಳಿದೆ: ಬಿಚ್ಚಿ ನೋಡಿ ಹೇಳಿದರಾ, ಓಡಿಸಿ ನೋಡಿ ಹೇಳಿದರಾ? ಎರಡೂ ಅಲ್ಲ. ಪಿಯಿಂದ (ಪಾರ್ಕ್) ಡಿಗೆ (ಡ್ರೈವ್) ಹಾಕಿದಾಗ ಧಡ್ ಅಂದ ಸಪ್ಪಳ ಕೇಳಿ ಅಷ್ಟು ಹೇಳಿದ್ದರು. ಕಾಕಾ ದುಡ್ಡು ಹೊಂದಿಸಲು ಶುರು ಮಾಡಿದ್ದರು ಬೇರೆ. "ಒಂದು ವಾರ ನಿಲ್ರಿ ಕಾಕಾ, ನಾ ಬಂದು ನೋಡ್ತೀನಿ" ಅಂದೆ.

ಫೋನಿನಲ್ಲೇ ಇನ್ನಷ್ಟು ಕೇಳಿದೆ, ಅದು ಸುಮ್ನೆ ಕೇಳಿದ್ದಲ್ಲ, ಕೊನೆಗೆ ಅಲ್ಲೇ ಉತ್ತರ ಇತ್ತು. ಬೆಳಿಗ್ಗೆ ತಣ್ಣಗಿರುವಾಗ ಹೀಗೆ ಆಗುತ್ತದಾ, ಬಿಸಿಯಾದ ಮೇಲಾ? "ಮನಿ ಬಿಟ್ಟಾಗ ಛೊಲೊ ಇರತೈತಿ. ಅಣ್ಣಿಗೇರಿ ಮುಟ್ಟೂದ್ರಾಗ ಸುರು ಆಗತೈತಿ." ಗದಗಿನಿಂದ ಅಣ್ಣಿಗೇರಿ ಸುಮಾರು 20 ಕಿಲೋಮೀಟರ್, ಇಂಜಿನ್ ಪೂರ್ತಿ ಬಿಸಿಯಾಗಿ ಬಹಳ ಹೊತ್ತಾಗಿರುತ್ತದೆ. ಯಾವ ಗೇರಿನಲ್ಲಿ ಒದೆತ? ಹೊರಡುವಾಗ ಒಂದು, ಆಮೇಲೆ ಎರಡರಿಂದ ಮೂರಕ್ಕೆ ಹೋಗುವಾಗ ಒಂದು, ಅದಕ್ಕೂ ಮೊದಲು ಇಂಜಿನ್ ಒಮ್ಮೆ ಗುರ್ ಅಂತ ಮೇಲೆ ಏರುತ್ತದೆ. ಇತ್ತೀಚೆಗೆ ಏನಾದರೂ ಕೆಲಸ ಮಾಡಿಸಿದ್ದಿರಾ? ಇಲ್ಲ ಅಂದರು ಮೊದಲು. ಆಮೇಲೆ ನೆನಪಾಯಿತು: ಎರಡು ತಿಂಗಳ ಹಿಂದೆ ಸರ್ವಿಸ್ ಆಗಿತ್ತು, ಥ್ರಾಟಲ್ ಬಾಡಿ (ಇಂಜಿನ್ನಿಗೆ ಎಷ್ಟು ಹವಾ ಹೋಗಬೇಕು ಅಂತ ಪ್ಲೇಟು ತೆರೆದು ಮುಚ್ಚುವ ಭಾಗ) ತೊಳೆದಿದ್ದರು, ಗೇರ್ ಆಯಿಲ್ ಕಡಿಮೆ ಇದೆ ಅಂತ ಸ್ವಲ್ಪ ಸುರಿದಿದ್ದರು. ಐಡಲ್ (ಆಕ್ಸಿಲರೇಟರ್ ಒತ್ತದಿದ್ದಾಗ ಇಂಜಿನ್ ತಿರುಗುವ ಸ್ಪೀಡು) ಸರಿಯಿಲ್ಲ ಅನ್ನುವ ದೂರು ಅದಕ್ಕಿಂತ ಮೊದಲೇ ಇತ್ತು, ಅದಕ್ಕೇ ಥ್ರಾಟಲ್ ತೊಳೆದಿದ್ದು. ಒದೆತ ಶುರುವಾಗಿದ್ದು ಮಾತ್ರ ಸರ್ವಿಸ್ ಆದ ಮೇಲೆ.

ಐಡಲ್ ಸರಿಯಿಲ್ಲ, ಗೇರೂ ಸರಿಯಿಲ್ಲ, ಎರಡೂ ಜೊತೆಗೆ ಬಂದಿವೆ ಅಂದರೆ ನಾನು ಮೊದಲು ಇಂಜಿನ್ ನೋಡುತ್ತೇನೆ. ಇದು ನನ್ನ ಪಕ್ಷಪಾತ ಅಂದರೂ ಸರಿ. ಕಾರಣ ಇದೆ. ಟಾರ್ಕ್ ಕನ್ವರ್ಟರ್ ಗಾಡಿಯಲ್ಲಿ ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಇರುವುದು ಆಯಿಲ್. ನೀವು ಡಿಗೆ ಹಾಕಿದ ಕ್ಷಣ, ತಿರುಗುತ್ತಿದ್ದ ಆಯಿಲ್ ಕನ್ವರ್ಟರಿನೊಳಗೆ ನಿಂತ ಚಕ್ರದ ಮೇಲೆ ಹೊಡೆಯುತ್ತದೆ. ಆ ಹೊಡೆತದ ಜೋರು ಇಂಜಿನ್ ಸ್ಪೀಡಿನ ವರ್ಗದ ಲೆಕ್ಕದಲ್ಲಿ ಏರುತ್ತದೆ. ಅಂದರೆ 750 ಆರ್‌ಪಿಎಂ (ನಿಮಿಷಕ್ಕೆ ಇಷ್ಟು ಸುತ್ತು ಅಂತ) ಇರಬೇಕಾದ ಐಡಲ್ 1150 ಇದ್ದರೆ, ಹೊಡೆತ ಒಂದೂವರೆ ಪಟ್ಟಲ್ಲ, ಎರಡು ಪಟ್ಟಿಗೂ ಜಾಸ್ತಿ. ಧಡ್ ಅನ್ನದೆ ಇನ್ನೇನು ಮಾಡೀತು? ಗೇರ್‌ಬಾಕ್ಸ್ ಗಟ್ಟಿಮುಟ್ಟಾಗಿದ್ದರೂ ಅನ್ನುತ್ತದೆ.

ರವಿವಾರ ಬೆಳಿಗ್ಗೆ ಗದಗಿಗೆ ಹೋದೆ. ಜೊತೆಗೆ ಗಾಡಿಯ ಕಂಪ್ಯೂಟರ್ ಬರೆದಿಟ್ಟ ದೂರಿನ ಕೋಡ್ ಓದುವ ಬ್ಲೂಟೂತ್ ಓಬಿಡಿ ಸ್ಕ್ಯಾನರ್, ನೋಸ್ ಪ್ಲೈಯರ್, ಒಂದು ಟಾರ್ಚು, ಇಸ್ತ್ರಿ ಮಾಡುವಾಗ ನೀರು ಚಿಮುಕಿಸುವ ಬಾಟಲಿ. ಸ್ಟೇರಿಂಗ್ ಕೆಳಗಿನ 16 ಪಿನ್ನಿನ ಸಾಕೆಟ್ಟಿಗೆ ಸ್ಕ್ಯಾನರ್ ಚುಚ್ಚಿದೆ, ಎರಡು ಕೋಡ್ ಬಂದವು: ಪಿ 0171, ಪಿ 0300. ಮೊದಲನೆಯದು ಪೆಟ್ರೋಲಿಗೆ ಹೋಲಿಸಿದರೆ ಹವಾ ಜಾಸ್ತಿ ಅಂತ, ಎರಡನೆಯದು ಯಾವುದೋ ಒಂದು ಸಿಲಿಂಡರ್ ಅಂತಲ್ಲ, ಅಲ್ಲಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದೆ ಮಿಸ್ ಹೊಡೆಯುತ್ತಿದೆ ಅಂತ. ಗೇರ್‌ಬಾಕ್ಸಿನ ಕೋಡ್ ಒಂದೂ ಇಲ್ಲ. ಈ ಅಗ್ಗದ ಸ್ಕ್ಯಾನರ್‌ಗಳು ಕೆಲವು ಗಾಡಿಗಳ ಗೇರ್‌ಬಾಕ್ಸ್ ಕಂಪ್ಯೂಟರ್ ಜೊತೆ ಮಾತೇ ಆಡುವುದಿಲ್ಲ, ಹಾಗಾಗಿ ಕೋಡ್ ಇಲ್ಲ ಅಂದ ಮಾತ್ರಕ್ಕೆ ಖುಷಿಪಡಬೇಡಿ.

ಇಲ್ಲಿ ನಾನೊಂದು ದಡ್ಡ ಕೆಲಸ ಮಾಡಿದೆ. ಖುಷಿಯಲ್ಲಿ ಕೋಡ್ ಅಳಿಸಿಬಿಟ್ಟೆ. ಕೋಡ್ ಬಿದ್ದ ಕ್ಷಣದಲ್ಲಿ ಇಂಜಿನ್ ಎಷ್ಟು ಬಿಸಿ ಇತ್ತು, ಗಾಡಿ ಓಡುತ್ತಿತ್ತಾ ನಿಂತಿತ್ತಾ, ಆರ್‌ಪಿಎಂ ಎಷ್ಟು, ಅದೆಲ್ಲ ಕಂಪ್ಯೂಟರಿನಲ್ಲಿ ಒಂದು ಫೋಟೊ ಥರ ಉಳಿದಿರುತ್ತದೆ, ಫ್ರೀಜ್ ಫ್ರೇಮ್ ಅಂತಾರೆ. ಅಳಿಸಿದರೆ ಅದೂ ಹೋಗುತ್ತದೆ. ಮೊಬೈಲಿನಲ್ಲಿ ಒಂದು ಸ್ಕ್ರೀನ್‌ಶಾಟ್ ತೆಗೆಯಲು ಎರಡು ಸೆಕೆಂಡ್ ಸಾಕಿತ್ತು.

ಆಮೇಲೆ ಎಷ್ಟು ಹುಡುಕಿದರೂ ಏನೂ ಸಿಗಲಿಲ್ಲ. ಇಂಜಿನ್ ಐಡಲ್ ಸ್ವಲ್ಪ ಜಾಸ್ತಿ ಇತ್ತು, 950ರ ಹತ್ತಿರ, ಆದರೆ ಏರಿಳಿತ ಇಲ್ಲ. ಇಂಟೇಕ್ ಮ್ಯಾನಿಫೋಲ್ಡಿನ (ಸಿಲಿಂಡರ್‌ಗಳಿಗೆ ಹವಾ ಹಂಚುವ ಪೈಪುಗಳ ಗುಂಪು) ಗ್ಯಾಸ್ಕೆಟ್ ಸುತ್ತ ನೀರು ಚಿಮುಕಿಸಿದೆ. ಹವಾ ಎಳೆಯುವ ಸಂದು ಇದ್ದರೆ ನೀರು ಒಂದು ಕ್ಷಣ ಅದನ್ನು ಮುಚ್ಚುತ್ತದೆ, ಇಂಜಿನ್ ಸಪ್ಪಳ ಬದಲಾಗುತ್ತದೆ. ಬದಲಾಗಲಿಲ್ಲ. ಬಹಳ ಮಂದಿ ಇದಕ್ಕೆ ಕಾರ್ಬ್ ಕ್ಲೀನರ್ ಸ್ಪ್ರೇ ಹೊಡೆಯುತ್ತಾರೆ, ಅದು ಬೇಗ ತೋರಿಸುತ್ತದೆ ನಿಜ, ಆದರೆ ಬಿಸಿ ಸೈಲೆನ್ಸರ್ ಪೈಪಿನ ಪಕ್ಕ ಅದನ್ನು ಹೊಡೆದು ಬೆಂಕಿ ಎಬ್ಬಿಸಿದವರೂ ಇದ್ದಾರೆ. ನೀರೇ ಸಾಕು, ವಯರ್ ಸಾಕೆಟ್ಟುಗಳನ್ನು ಬಿಟ್ಟು ಹೊಡೆದರಾಯಿತು. ಸ್ಪಾರ್ಕ್ ಪ್ಲಗ್ ಬಿಚ್ಚಿದೆ, ನಾಲ್ಕೂ ಬಿಳಿಚಿಕೊಂಡಿದ್ದವು. ಪೆಟ್ರೋಲ್ ಕಡಿಮೆ ಉರಿದ ಗುರುತು ಅದು. ಪ್ಲಗ್ಗಿಗೆ ಕಿಡಿಯ ಕರೆಂಟ್ ಕೊಡುವ ಒಂದು ಕಾಯಿಲ್ ತೆಗೆದು ಇನ್ನೊಂದರ ಜಾಗಕ್ಕೆ ಹಾಕಿ ನೋಡಿದೆ, ವ್ಯತ್ಯಾಸ ಇಲ್ಲ. ಮಧ್ಯಾಹ್ನ ಆಯಿತು. ಕಾಕು ಗಿರಮಿಟ್ಟು, ಮಿರ್ಚಿ ಕೊಟ್ಟರು. ಕಾಕಾ ಏನೂ ಅನ್ನಲಿಲ್ಲ, ಆದರೆ ಮುಖ ನೋಡಿದರೆ ತೊಂಬತ್ತೈದು ಸಾವಿರ ಕಾಣುತ್ತಿತ್ತು.

ತಿನ್ನುತ್ತಾ ಕೂತಾಗ ತಲೆಗೆ ಹೊಳೆಯಿತು. ಅಣ್ಣಿಗೇರಿ! ಬಿಸಿಯಾದ ಮೇಲೆ ಆಗುವ ರೋಗವನ್ನು ನಾನು ಅಂಗಳದಲ್ಲಿ ತಣ್ಣಗೆ ನಿಂತ ಗಾಡಿಯಲ್ಲಿ ಹುಡುಕುತ್ತಿದ್ದೇನೆ. "ಕಾಕಾ, ಗಾಡಿ ಹುಬ್ಬಳ್ಳಿಗೆ ಒಯ್ತೀನ್ರಿ" ಅಂದೆ. ಸ್ಕ್ಯಾನರ್ ಹಚ್ಚಿಕೊಂಡೇ ಹೊರಟೆ.

ಅಣ್ಣಿಗೇರಿಯಲ್ಲಿ ರಸ್ತೆ ಬದಿಗೆ ನಿಲ್ಲಿಸಿದೆ. ಅವರು ಹೇಳಿದ್ದು ಅಕ್ಷರಶಃ ನಿಜ. ಪಿಯಲ್ಲಿ ಆರ್‌ಪಿಎಂ ಮುಳ್ಳು 1050ರಿಂದ 1250ರವರೆಗೆ ಮೇಲೆ ಕೆಳಗೆ ಓಡಾಡುತ್ತಿತ್ತು. ಬ್ರೇಕ್ ಒತ್ತಿ ಡಿಗೆ ಹಾಕಿದರೆ ಧಡ್, ಆಮೇಲೆ 550ಕ್ಕೆ ಕುಸಿದು ಡ್ಯಾಶ್‌ಬೋರ್ಡ್ ಎಲ್ಲ ನಡುಗತೊಡಗಿತು. ನಲವಡಿ ದಾಟಿದ ಮೇಲೆ ಚೆಕ್ ಇಂಜಿನ್ ದೀಪ ಮತ್ತೆ ಬಂತು. ಈ ಸಲ ಫೋಟೊ ತೆಗೆದೆ. ಪಿ 0300 ಇನ್ನೂ ಬಂದಿರಲಿಲ್ಲ, ಪಿ 0171 ಅಷ್ಟೇ. ಇಂಜಿನ್ ನೀರಿನ ಬಿಸಿ 89 ಡಿಗ್ರಿ, ಅಂದರೆ ಥರ್ಮೋಸ್ಟಾಟ್ ಸರಿಯಿದೆ. ಅದು ತೆರೆದೇ ಸಿಕ್ಕಿಹಾಕಿಕೊಂಡಿದ್ದರೆ ಇಂಜಿನ್ ಸರಿಯಾಗಿ ಬಿಸಿಯಾಗದೆ ಐಡಲ್ ಎತ್ತರದಲ್ಲೇ ಉಳಿಯುತ್ತದೆ, ಎಷ್ಟೋ ಗಾಡಿಗಳಲ್ಲಿ ಮೇಲಿನ ಗೇರೇ ಬೀಳುವುದಿಲ್ಲ. ಒಂದು ಅನುಮಾನ ಹೋಯಿತು.

ನನಗೆ ನಿಜವಾಗಿ ದಾರಿ ತೋರಿಸಿದ್ದು ಫ್ಯೂಯಲ್ ಟ್ರಿಮ್. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ಅಗ್ಗದ ಸ್ಕ್ಯಾನರಿನಲ್ಲೂ ಇದು ಕಾಣುತ್ತದೆ, ಆದರೆ ನೋಡುವವರು ಕಡಿಮೆ. ಮದುವೆ ಮನೆ ಊಟ ಅಂದುಕೊಳ್ಳಿ. ಮುಂದಿನ ಬಾಗಿಲಲ್ಲಿ ಒಬ್ಬ ನಿಂತು ತಲೆ ಎಣಿಸಿ ಅಡಿಗೆಯವರಿಗೆ ಹೇಳುತ್ತಾನೆ, ಅಷ್ಟೇ ಎಲೆಗೆ ಬಡಿಸುತ್ತಾರೆ. ಗಾಡಿಯಲ್ಲಿ ಆ ಎಣಿಸುವವನು ಏರ್ ಫಿಲ್ಟರ್ ಆದ ಮೇಲೆ ಇರುವ ಏರ್ ಫ್ಲೋ ಸೆನ್ಸರ್. ಹಿತ್ತಲ ಬಾಗಿಲಿನಿಂದ 10 ಜನ ನುಗ್ಗಿ ಕೂತರೆ? ಊಟ ಸಾಲುವುದಿಲ್ಲ. ಸೈಲೆನ್ಸರ್ ಪೈಪಿನಲ್ಲಿರುವ ಆಕ್ಸಿಜನ್ ಸೆನ್ಸರ್ "ಸಾಲ್ತಿಲ್ಲ" ಅಂತ ಕೂಗುತ್ತದೆ, ಕಂಪ್ಯೂಟರ್ ಇನ್ನಷ್ಟು ಪೆಟ್ರೋಲ್ ಬಡಿಸುತ್ತದೆ. ಲೆಕ್ಕಕ್ಕಿಂತ ಎಷ್ಟು ಜಾಸ್ತಿ ಬಡಿಸಿತು ಅನ್ನುವುದೇ ಟ್ರಿಮ್. ಇಲ್ಲಿ ಐಡಲ್‌ನಲ್ಲಿ ಬಹಳ ದಿನದಿಂದ ಕಲಿತಿಟ್ಟ ಟ್ರಿಮ್, ಆ ಕ್ಷಣದ ಟ್ರಿಮ್ ಎರಡೂ ಕೂಡಿಸಿ ಶೇಕಡಾ 26 ಜಾಸ್ತಿ ಇತ್ತು. ಹೆಚ್ಚು ಕಡಿಮೆ 10ರ ಒಳಗಿದ್ದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ.

ಈಗ ಆಕ್ಸಿಲರೇಟರ್ ಒತ್ತಿ 2500 ಆರ್‌ಪಿಎಂನಲ್ಲಿ ಹಿಡಿದೆ. ಟ್ರಿಮ್ 6ಕ್ಕೆ ಇಳಿಯಿತು. ಹಿತ್ತಲಿಂದ ಬರುವವರು ಅದೇ 10 ಜನ, ಆದರೆ ಪಂಕ್ತಿಯಲ್ಲಿ ಈಗ 200 ಜನ ಕೂತಿದ್ದಾರೆ, ಯಾರಿಗೂ ಗೊತ್ತಾಗುವುದಿಲ್ಲ. ಪೆಟ್ರೋಲ್ ಪಂಪ್ ಸೋತಿದ್ದರೆ ಅಥವಾ ಇಂಜೆಕ್ಟರ್ ಕಟ್ಟಿದ್ದರೆ ಉಲ್ಟಾ ಆಗುತ್ತಿತ್ತು, ಜನ ಜಾಸ್ತಿಯಾದಷ್ಟೂ ಊಟ ಜಾಸ್ತಿ ಕಡಿಮೆ ಬೀಳುತ್ತಿತ್ತು. ಅಲ್ಲಿಗೆ ಪಂಪು, ಇಂಜೆಕ್ಟರು ಪಟ್ಟಿಯಿಂದ ಹೊರಗೆ. ಎಲ್ಲೋ ಹವಾ ಲೀಕ್ ಇದೆ, ಬಿಸಿಯಾದಾಗ ಬಾಯಿ ಬಿಡುತ್ತದೆ.

ವಿದ್ಯಾನಗರದ ನಮ್ಮ ಮನೆ ಮುಟ್ಟಿದ ಕೂಡಲೇ, ಇಂಜಿನ್ ಬಂದ್ ಮಾಡದೆ ಬಾನೆಟ್ ಎತ್ತಿದೆ. ಒಂದೊಂದೇ ರಬ್ಬರ್ ಪೈಪನ್ನು ಪ್ಲೈಯರ್ ಮೂತಿಗೆ ಬಟ್ಟೆ ಸುತ್ತಿ ಅದುಮುತ್ತಾ ಬಂದೆ. (ಫ್ಯಾನ್ ಬೆಲ್ಟಿನ ಹತ್ತಿರ ಕೈ, ಅಂಗಿ ತೋಳು ಹುಷಾರು, ರೇಡಿಯೇಟರ್ ಫ್ಯಾನ್ ಹೇಳದೆ ಕೇಳದೆ ತಿರುಗಿಬಿಡುತ್ತದೆ.) ಬ್ರೇಕ್ ಬೂಸ್ಟರ್ ಪೈಪು ಅದುಮಿದೆ, ಏನೂ ಇಲ್ಲ. ಆಮೇಲೆ ಪಿಸಿವಿ ಪೈಪು. ಇಂಜಿನ್ ಹೊಟ್ಟೆಯೊಳಗಿನ ಹೊಗೆಯನ್ನು ಮತ್ತೆ ಇಂಟೇಕ್‌ಗೆ ಎಳೆಯುವ ಹೆಬ್ಬೆರಳು ದಪ್ಪದ ಪೈಪು ಅದು. ಮ್ಯಾನಿಫೋಲ್ಡ್ ಕಡೆಯ ತುದಿಯನ್ನು ಅದುಮಿದ ಕೂಡಲೇ ಇಂಜಿನ್ ಇನ್ನೇನು ಬಂದ್ ಆಗುತ್ತದೆ ಅನ್ನುವ ಹಾಗೆ ಮುಗ್ಗರಿಸಿತು, ಆಮೇಲೆ ಸಾವರಿಸಿಕೊಂಡು 780ರಲ್ಲಿ ನಿಂತಿತು. ನಡುಕ ಇಲ್ಲ. ಕೈ ಬಿಟ್ಟೆ, 1150. ಅದುಮಿದೆ, 780. ನಾಲ್ಕು ಸಲ ಮಾಡಿದೆ. ಸರಿಯಿದ್ದ ಗಾಡಿಯಲ್ಲೂ ಈ ಪೈಪು ಅದುಮಿದರೆ ಐಡಲ್ ತುಸು ಇಳಿಯುತ್ತದೆ, ಆದರೆ 370 ಇಳಿಯುವುದಿಲ್ಲ.

ಪೈಪನ್ನು ಮೇಲಿಂದ ನೋಡಿದರೆ ಹೊಸದರ ಹಾಗಿತ್ತು. ತಣ್ಣಗಾದ ಮೇಲೆ ಬಿಚ್ಚಿ ಕೈಯಲ್ಲಿ ಹಿಡಿದೆ. ವಾಲ್ವ್ ಕಡೆ ಎಲ್ ಆಕಾರದಲ್ಲಿ ಬಾಗುತ್ತದಲ್ಲ, ಆ ಬಾಗಿನ ಹೊಟ್ಟೆಯಡಿಗೆ ಆಯಿಲ್ ಜಿನುಗಿ, ಅದಕ್ಕೆ ನಮ್ಮ ಎರಿಮಣ್ಣಿನ ಧೂಳು ಹತ್ತಿ, ಕಪ್ಪು ಅಂಟಿನ ಹಾಗೆ ಕೂತಿತ್ತು. ಬಟ್ಟೆಯಿಂದ ಒರೆಸಿದೆ, ಆಗಲೂ ಏನೂ ಕಾಣಲಿಲ್ಲ. ಎರಡೂ ತುದಿ ಹಿಡಿದು ಸ್ವಲ್ಪ ಬಗ್ಗಿಸಿದಾಗ, ಮೀನಿನ ಬಾಯಿಯ ಹಾಗೆ ಒಂದು ಸೀಳು ತೆರೆದುಕೊಂಡಿತು. ಕಿರುಬೆರಳಿನ ಉಗುರಿನಷ್ಟು ಉದ್ದ. ಬಿಟ್ಟರೆ ಮುಚ್ಚಿಕೊಂಡಿತು. ತಣ್ಣಗಿದ್ದಾಗ ರಬ್ಬರ್ ಬಿರುಸಾಗಿ ಮುಚ್ಚಿಕೊಂಡೇ ಇರುತ್ತಿತ್ತು, ಬಿಸಿಗೆ ಮೆತ್ತಗಾದಾಗ ಬಾಯಿ ಬಿಡುತ್ತಿತ್ತು. ಗದಗಿನಲ್ಲಿ ನಾನು ಅರ್ಧ ದಿನ ನೀರು ಹೊಡೆದಿದ್ದು ಯಾಕೆ ದಂಡ ಆಯಿತು ಅಂತ ಆಗ ಗೊತ್ತಾಯಿತು.

ಇಲ್ಲಿಂದ ಮುಂದೆ ಒಬ್ಬನೇ ಮಾಡುವ ಕೆಲಸ ಅಲ್ಲ ಅಂತ ಗೋಕುಲ ರಸ್ತೆ ಕಡೆಯ ನನ್ನ ಪರಿಚಯದ ಮಿಸ್ತ್ರಿ ಹತ್ತಿರ ಹೋದೆ. ಪೈಪು ಬರುವವರೆಗೆ ಎಂ-ಸೀಲ್ ಹಚ್ಚಲಾ ಅಂತ ಕೇಳಿದೆ. "ಬ್ಯಾಡ್ರಿ ಸರ. ಆಯಿಲ್ ಹತ್ತಿದ ರಬ್ಬರ್ ಮ್ಯಾಲೆ ಅದು ನಿಂದ್ರಂಗಿಲ್ಲ. ಉದುರಿ ಒಳಗ ಹೋತಂದ್ರ ಮತ್ತೊಂದು ಕೆಲಸ." ನೀರಿನ ಪೈಪು ಕತ್ತರಿಸಿ ಹಾಕುವುದಕ್ಕೂ ಅವರು ಒಪ್ಪಲಿಲ್ಲ: ಆಯಿಲ್ ಹೊಗೆಗೆ ಅದು ಉಬ್ಬುತ್ತದೆ, ಬಾಗಿನಲ್ಲಿ ಇಂಜಿನ್ ಎಳೆತಕ್ಕೆ ಚಪ್ಪಟೆಯಾಗುತ್ತದೆ. ಒರಿಜಿನಲ್ ಪೈಪಿಗೆ 840 ರೂಪಾಯಿ, ಬರಲು ನಾಲ್ಕು ದಿನ.

ಆ ನಾಲ್ಕು ದಿನದಲ್ಲಿ ಪಕ್ಕದ ಮನೆಯವರಿಂದ ಹಿಡಿದು ಆಫೀಸಿನವರೆಗೆ ಎಲ್ಲರದ್ದೂ ಒಂದೇ ಸಲಹೆ, ಬ್ಯಾಟರಿ ವಯರ್ ಬಿಚ್ಚಿ ಹತ್ತು ನಿಮಿಷ ಬಿಟ್ಟು ಹಾಕು. ಎಷ್ಟೋ ಗಾಡಿಗಳಲ್ಲಿ ಇದರಿಂದ ಕಂಪ್ಯೂಟರ್ ತಾನು ಕಲಿತದ್ದನ್ನೆಲ್ಲ ಮರೆಯುತ್ತದೆ, ಒಂದೆರಡು ದಿನ ಗಾಡಿ ಹೊಸದರ ಹಾಗೆ ಅನಿಸಲೂಬಹುದು, ಆಮೇಲೆ ಅದೇ ಹಾಡು. ಸೀಳು ಪೈಪಿನಲ್ಲಿದೆ, ಬ್ಯಾಟರಿಯಲ್ಲಿ ಅಲ್ಲ.

ಪೈಪು ಬಂತು, ಹಾಕಿದೆವು. ಬಿಸಿ ಮಾಡಿ ನೋಡಿದರೆ ಟ್ರಿಮ್ ಶೇಕಡಾ 3. ಏರಿಳಿತ ನಿಂತಿತು. ಆದರೆ ಐಡಲ್ ಇನ್ನೂ 920, ಡಿಗೆ ಹಾಕಿದರೆ ಧಡ್ ಕಡಿಮೆಯಾಗಿತ್ತೇ ಹೊರತು ಹೋಗಿರಲಿಲ್ಲ. ಇಲ್ಲಿ ಎರಡು ತಿಂಗಳ ಹಿಂದಿನ ಸರ್ವಿಸ್ ಕಣಕ್ಕೆ ಬಂತು. ಥ್ರಾಟಲ್ ಬಾಡಿಯಲ್ಲಿ ಮಸಿ ಕೂತಿರುವಾಗ ಕಂಪ್ಯೂಟರ್ ಅದಕ್ಕೆ ಹೊಂದಿಕೊಂಡು ಪ್ಲೇಟನ್ನು ಸ್ವಲ್ಪ ಜಾಸ್ತಿ ತೆರೆದಿಟ್ಟುಕೊಳ್ಳಲು ಕಲಿತಿರುತ್ತದೆ. ಮಸಿ ತೊಳೆದ ಮೇಲೆ ಆ ಹಳೇ ಪಾಠ ತಪ್ಪು. ಹೊಸದಾಗಿ ಕಲಿಸಬೇಕು, ಐಡಲ್ ರೀಲರ್ನ್ ಅಂತಾರೆ. ಕೆಲವು ಗಾಡಿ ತಾವೇ ಕಲಿಯುತ್ತವೆ, ಕೆಲವಕ್ಕೆ ಸ್ಕ್ಯಾನರಿನಿಂದ ಹೇಳಬೇಕು, ಕೆಲವಕ್ಕೆ ಚಾವಿ ಆನ್ ಆಫ್ ಮಾಡುವ ಒಂದು ಕ್ರಮ ಇರುತ್ತದೆ. ನಮ್ಮದರಲ್ಲಿ ಮಿಸ್ತ್ರಿಯ ದೊಡ್ಡ ಸ್ಕ್ಯಾನರ್ ಬೇಕಾಯಿತು. ಇಂಜಿನ್ ಪೂರ್ತಿ ಬಿಸಿ, ಎಸಿ ಬಂದ್, ಲೈಟ್ ಬಂದ್, ಸ್ಟೇರಿಂಗ್ ನೇರ. ಹಿಂದೆ ಹರಿದು ಹಾಗೇ ಕೂರಿಸಿದ್ದ ಥ್ರಾಟಲ್ ಗ್ಯಾಸ್ಕೆಟ್ಟನ್ನೂ ಬದಲಿಸಿ, ಆಮೇಲೆ ಕಲಿಸಿದೆವು. ಪಿಯಲ್ಲಿ 740, ಡಿಯಲ್ಲಿ 660. ಒಂದು ಮಾತು ಮಧ್ಯೆ ಹೇಳಿಬಿಡುತ್ತೇನೆ: ವಯರಿನಿಂದ ನಡೆಯುವ ಈಗಿನ ಥ್ರಾಟಲ್ ಪ್ಲೇಟಿಗೆ ಚಾವಿ ಆನ್ ಇರುವಾಗ ಬೆರಳು ಹಾಕಬೇಡಿ, ಮೋಟಾರ್ ಕಚ್ಚಿಬಿಡುತ್ತದೆ.

ನಡುಕ ಇನ್ನೂ ಪೂರ್ತಿ ಹೋಗಿರಲಿಲ್ಲ. ಮಿಸ್ತ್ರಿ ಬ್ರೇಕ್ ಗಟ್ಟಿ ಒತ್ತಿ, ಹ್ಯಾಂಡ್‌ಬ್ರೇಕ್ ಎಳೆದು, ಡಿಗೂ ಆರ್‌ಗೂ (ರಿವರ್ಸ್) ಹಾಕುತ್ತಾ ಸ್ವಲ್ಪ ಸ್ವಲ್ಪ ರೇಸ್ ಕೊಟ್ಟರು, ನಾನು ಪಕ್ಕದಲ್ಲಿ ನಿಂತು ನೋಡಿದೆ (ಮುಂದೆ ನಿಲ್ಲಬಾರದು, ಎಷ್ಟೇ ನಂಬಿಕೆಯ ಮನುಷ್ಯ ಒಳಗೆ ಕೂತಿದ್ದರೂ). ಇಂಜಿನ್ ಒಂದು ಕಡೆ ಎದ್ದು ಬೀಳುತ್ತಿತ್ತು. ಕೆಳಗಿನ ಮೌಂಟಿಂಗ್ ರಬ್ಬರ್ ಹರಿದಿತ್ತು. 2,350 ರೂಪಾಯಿ. ಇದರಲ್ಲಿ ಹೇಳುವಂಥದ್ದು ಹೆಚ್ಚಿಲ್ಲ, ಆದರೆ ಕಾಕಾ "ಧಡ್" ಅಂತಿದ್ದರಲ್ಲ, ಆ ಸಪ್ಪಳದ ಅರ್ಧ ಇದೇ. ಗೇರ್‌ಬಾಕ್ಸಿನ ಒಳಗಿಂದ ಬಂದ ಹಾಗೆ ಕೇಳುತ್ತದೆ.

ಉಳಿದದ್ದು ಎರಡರಿಂದ ಮೂರಕ್ಕೆ ಹೋಗುವಾಗಿನ ಗುರ್ ಮತ್ತು ಒದೆತ. ಇದೂ ಪೈಪಿನಿಂದಲೇ ಸ್ವಲ್ಪ ಸುಧಾರಿಸಿತ್ತು. ಗೇರ್ ಬದಲಿಸುವಾಗ ಒಳಗಿನ ಕ್ಲಚ್ ಪ್ಲೇಟುಗಳನ್ನು ಎಷ್ಟು ಬಿಗಿಯಾಗಿ ಒತ್ತಬೇಕು ಅಂತ ಗೇರ್‌ಬಾಕ್ಸಿನ ಕಂಪ್ಯೂಟರ್ ತಾನೇ ಅಳೆಯುವುದಿಲ್ಲ. ಇಂಜಿನ್ ಎಷ್ಟು ಜೋರಾಗಿ ಎಳೆಯುತ್ತಿದೆ ಅಂತ ಇಂಜಿನ್ ಕಡೆಯಿಂದ ಲೆಕ್ಕ ತೆಗೆದುಕೊಳ್ಳುತ್ತದೆ. ಬಾಗಿಲಲ್ಲಿ ಎಣಿಕೆ ತಪ್ಪಿದರೆ ಆ ಲೆಕ್ಕವೂ ತಪ್ಪು. ಈಗ ಎಣಿಕೆ ಸರಿಯಾಗಿತ್ತು, ಆದರೂ ಮುಳ್ಳು ಗೇರ್ ಬೀಳುವ ಮುಂಚೆ ಸುಮಾರು 300 ಏರಿ, ಆಮೇಲೆ ಧಪ್ ಅಂತ ಕೂರುತ್ತಿತ್ತು. ಪ್ಲೇಟು ಜಾರಿ, ಆಮೇಲೆ ಹಿಡಿಯುತ್ತಿದೆ ಅಂತ ಅರ್ಥ. ಇದು ನಿಜವಾದ ಗೇರ್‌ಬಾಕ್ಸ್ ದೂರು. ನನಗೂ ಹೆದರಿಕೆ ಆಯಿತು.

ಗೇರ್ ಆಯಿಲ್ ನೋಡುವುದಕ್ಕೆ ಒಂದು ಶಿಸ್ತು ಇದೆ. 15 ಕಿಲೋಮೀಟರ್ ಓಡಿಸಿ ಆಯಿಲ್ 70-80 ಡಿಗ್ರಿ ಬಿಸಿಯಾಗಬೇಕು. ಸಮತಟ್ಟಾದ ಜಾಗ ಬೇಕು. ನಮ್ಮ ಓಣಿಯಲ್ಲಿ ಅದು ಸಿಗುವುದಿಲ್ಲ, ನಾನು ಪೆಟ್ರೋಲ್ ಬಂಕಿನಲ್ಲಿ ಗಾಳಿ ಹಾಕುವ ಜಾಗಕ್ಕೆ ಹೋಗುತ್ತೇನೆ. ಬ್ರೇಕ್ ಒತ್ತಿ ಗೇರ್ ಲಿವರನ್ನು ಪಿ, ಆರ್, ಎನ್, ಡಿ ಎಲ್ಲದಕ್ಕೂ ಎರಡೆರಡು ಸೆಕೆಂಡ್ ಹಾಕಿ ವಾಪಸ್ ಪಿಗೆ ತರಬೇಕು, ಇಂಜಿನ್ ಓಡುತ್ತಿರುವಾಗಲೇ ಡಿಪ್‌ಸ್ಟಿಕ್ ಎಳೆಯಬೇಕು. ಇದು ಈ ಗಾಡಿಯ ಮಾತು. ಇಂಜಿನ್ ಬಂದ್ ಮಾಡಿ ನೋಡಬೇಕಾದ ಗಾಡಿಗಳಿವೆ, ಡಿಪ್‌ಸ್ಟಿಕ್ಕೇ ಇಲ್ಲದ ಗಾಡಿಗಳೂ ಇವೆ, ನಿಮ್ಮ ಗಾಡಿ ಪುಸ್ತಕ ನೋಡಿ.

ಎಳೆದೆ. ಬಿಸಿ ಗುರುತಿನ ಮೇಲೆ ಒಂದು ಬೆರಳಿನಷ್ಟು ಜಾಸ್ತಿ ಇತ್ತು. ಅದಕ್ಕಿಂತ ಹೆಚ್ಚಾಗಿ, ಡಿಪ್‌ಸ್ಟಿಕ್ಕಿನ ಮೇಲೆ ಸಣ್ಣ ಸಣ್ಣ ಗುಳ್ಳೆ, ಈಗಷ್ಟೇ ಎತ್ತಿ ಹೊಯ್ದ ಚಹಾದ ಮೇಲೆ ಇರುತ್ತಲ್ಲ, ಹಾಗೆ. ಬಣ್ಣ ಕೆಂಪು ಹೋಗಿ ಕಂದು. ಎರಡು ಬೆರಳ ಮಧ್ಯೆ ತಿಕ್ಕಿದೆ, ಹರಳು ಸಿಗಲಿಲ್ಲ. ಮೂಸಿದೆ, ಸುಟ್ಟ ವಾಸನೆ ಇಲ್ಲ. ಸುಟ್ಟ ವಾಸನೆ ಬಂದಿದ್ದರೆ ನಾನೂ ಸುಮ್ಮನೆ ಕೈ ಮುಗಿದು ಕಾಕಾಗೆ ಫೋನ್ ಮಾಡುತ್ತಿದ್ದೆ.

ಏನಾಗಿತ್ತು ಅಂದರೆ, ಸರ್ವಿಸ್ ಮಾಡಿದವರು ತಣ್ಣನೆ ಗಾಡಿಯಲ್ಲಿ ಡಿಪ್‌ಸ್ಟಿಕ್ ನೋಡಿ, ಬಿಸಿ ಗುರುತಿನವರೆಗೆ ಸುರಿದಿದ್ದರು. ಆಯಿಲ್ ಬಿಸಿಯಾದರೆ ಹಿಗ್ಗುತ್ತದೆ, ಅದಕ್ಕೇ ತಾನೇ ಎರಡು ಬೇರೆ ಗುರುತು ಇರುವುದು. ಹಿಗ್ಗಿ ಮೇಲೆ ಬಂದ ಆಯಿಲನ್ನು ಒಳಗೆ ತಿರುಗುವ ಗೇರುಗಳು ಮಜ್ಜಿಗೆ ಕಡೆದ ಹಾಗೆ ಕಡೆಯುತ್ತವೆ. ನೊರೆ ಬರುತ್ತದೆ. ನೊರೆಯಲ್ಲಿ ಒತ್ತಡ ನಿಲ್ಲುವುದಿಲ್ಲ, ಗುಳ್ಳೆ ಅದುಮಿಕೊಳ್ಳುತ್ತದೆ, ಪ್ಲೇಟು ಜಾರುತ್ತದೆ. ಒದೆತ ಸರ್ವಿಸ್ ಆದ ಮೇಲೆ ಶುರುವಾಯಿತು ಅಂತ ಕಾಕಾ ಹೇಳಿದ್ದು ಇದಕ್ಕೇ. ಕಡಿಮೆ ಆಯಿಲ್ ಎಷ್ಟು ಕೆಟ್ಟದ್ದೋ ಜಾಸ್ತಿಯೂ ಅಷ್ಟೇ ಕೆಟ್ಟದ್ದು, ಆದರೆ "ಸ್ವಲ್ಪ ಮ್ಯಾಲಿದ್ರ ಛೊಲೊನ" ಅನ್ನುವವರೇ ಜಾಸ್ತಿ.

ಡ್ರೈನ್ ಬೋಲ್ಟ್ ಬಿಚ್ಚಿದೆವು. 3.9 ಲೀಟರ್ ಬಂತು, ಹಳೇ ನೀರಿನ ಬಾಟಲಿಗಳಲ್ಲಿ ಅಳೆದಿದ್ದು. ಬೋಲ್ಟಿನ ಮ್ಯಾಗ್ನೆಟ್ಟಿಗೆ ಬೂದು ಬಣ್ಣದ ನುಣ್ಣನೆ ಹೂಳು ಅಂಟಿತ್ತು, ಕಾಡಿಗೆಯ ಹಾಗೆ. ಅಷ್ಟು ಸವೆತ ಸಹಜ. ಕಬ್ಬಿಣದ ಚೂರು ಇದ್ದಿದ್ದರೆ ಬೇರೆ ಮಾತು. ಪುಸ್ತಕದಲ್ಲಿ ಬರೆದ ಗ್ರೇಡಿನದೇ ಆಯಿಲ್ 3.5 ಲೀಟರ್ ಹಾಕಿದೆವು. ಎಲ್ಲಾ ಗಾಡಿಗೂ ನಡೆಯುತ್ತದೆ ಅನ್ನುವ ಡಬ್ಬಿ ಬೇಡ ಅಂತ ನಾನೇ ಹಟ ಹಿಡಿದೆ, ಪ್ಲೇಟು ಹಿಡಿಯುವ ಗುಣ ಒಂದೊಂದು ಗ್ರೇಡಿಗೆ ಒಂದೊಂದು ಥರ ಇರುತ್ತದೆ.

ಈ ಗೇರ್‌ಬಾಕ್ಸಿನಲ್ಲಿ ಒಟ್ಟು ಆಯಿಲ್ ಸುಮಾರು 7 ಲೀಟರ್, ಉಳಿದ ಅರ್ಧ ಕನ್ವರ್ಟರ್ ಒಳಗೆ ಕೂತಿರುತ್ತದೆ, ಬೋಲ್ಟ್ ಬಿಚ್ಚಿದರೆ ಬರುವುದಿಲ್ಲ. ಹಾಗಾಗಿ ಒಂದು ಸಲ ಬದಲಿಸಿದರೆ ಅರ್ಧ ಹೊಸದು, ಎರಡು ಸಲಕ್ಕೆ ಮುಕ್ಕಾಲು, ಮೂರಕ್ಕೆ ಶೇಕಡಾ 87. ಮಷಿನ್ ಹಚ್ಚಿ ಒಂದೇ ಸಲಕ್ಕೆ ಪೂರ್ತಿ ತೆಗೆಯುವುದೂ ಇದೆ. 84,000 ಓಡಿ ಒಮ್ಮೆಯೂ ಬದಲಿಸದ ಗಾಡಿಗೆ ಅದು ನನಗೆ ಇಷ್ಟವಿಲ್ಲ, ನಿಧಾನಕ್ಕೆ ಮೂರು ಸಲ ಅಂತ ತೀರ್ಮಾನ ಮಾಡಿದೆವು, ನಡುವೆ ಸಾವಿರ ಸಾವಿರ ಕಿಲೋಮೀಟರ್. ಆಯಿಲ್ ಜೀವನಪೂರ್ತಿ ಬದಲಿಸುವುದು ಬೇಡ ಅಂತ ಕೆಲವರು ಹೇಳುತ್ತಾರಲ್ಲ, ಯಾರ ಜೀವನ ಅಂತ ಹೇಳುವುದಿಲ್ಲ.

ಮೊದಲ ಸಲ ಬದಲಿಸಿದ ದಿನ ಹೊಸೂರಿನಿಂದ ನವನಗರದವರೆಗೆ ಓಡಿಸಿದೆ. ಸಿಗ್ನಲ್ ಮೇಲೆ ಸಿಗ್ನಲ್, ಬಸ್ಸಿಗೇ ಮೀಸಲಿಟ್ಟ ಪಕ್ಕದ ಲೇನಿನಲ್ಲಿ ಚಿಗರಿ ಬಸ್ಸು ಸುಯ್ ಅಂತ ಹೋಗುತ್ತಿರುತ್ತದೆ, ನಾವು ನಿಂತಿರುತ್ತೇವೆ. ಐಡಲ್ ನೋಡಲು ಇದಕ್ಕಿಂತ ಒಳ್ಳೆ ರಸ್ತೆ ಇಲ್ಲ. ಡಿಯಲ್ಲಿ ನಿಂತಾಗ ಕಪ್‌ಹೋಲ್ಡರಿನಲ್ಲಿಟ್ಟ ನೀರಿನ ಬಾಟಲಿ ನಡುಗಲಿಲ್ಲ. ಉಣಕಲ್ ದಾಟಿ ಸ್ವಲ್ಪ ಒತ್ತಿದೆ, ಎರಡರಿಂದ ಮೂರು, ಮುಳ್ಳು 100 ಏರಿರಬಹುದು, ಅಷ್ಟೇ. ಎರಡನೇ ಸಲ ಬದಲಿಸಿದ ಮೇಲೆ ಅದೂ ಹೋಯಿತು.

ಖರ್ಚು ಕೇಳುವವರಿಗೆ: ಪೈಪು 840, ಗ್ಯಾಸ್ಕೆಟ್ 180, ಮೌಂಟಿಂಗ್ 2,350, ಮೂರು ಸಲಕ್ಕೆ 11 ಲೀಟರ್ ಆಯಿಲ್ 7,920, ಮಿಸ್ತ್ರಿ ಕೂಲಿ 2,500. ಒಟ್ಟು 13,790. ಇದರಲ್ಲಿ ಆಯಿಲ್ ಹೇಗೂ ಮಾಡಿಸಬೇಕಿದ್ದ ಕೆಲಸ. ಕಾಕಾ ಲೆಕ್ಕದ ಚೀಟಿಯನ್ನು ಎರಡು ಸಲ ಕೂಡಿಸಿ ನೋಡಿದರು, ಮಾಸ್ತರು ನೋಡಿ.

ಪೂರ್ತಿ ಸರಿಯಾಯಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ಹಂಪ್ ಬಂದಾಗ ಸ್ಪೀಡು ಇಳಿದು ಮೂರರಿಂದ ಎರಡಕ್ಕೆ ಬೀಳುವಾಗ ಈಗಲೂ ಒಂದು ಸಣ್ಣ ಟಕ್ ಇದೆ. ಕಾಕಾಗೆ ಗೊತ್ತಾಗುವುದಿಲ್ಲ, ನನಗೆ ಗೊತ್ತಾಗುತ್ತದೆ. ಆಯಿಲ್ ಒತ್ತಡವನ್ನು ಕರೆಂಟಿನಿಂದ ಬಿಡುವ ಹಿಡಿಯುವ ಒಳಗಿನ ಸೊಲೆನಾಯ್ಡ್ ವಾಲ್ವ್ ಮಂದ ಆಗಿರಬಹುದು ಅಂತ ಮಿಸ್ತ್ರಿ ಅಂದಾಜು. ಅದಕ್ಕೆ ಗೇರ್‌ಬಾಕ್ಸಿನ ಪ್ಯಾನ್ ಇಳಿಸಬೇಕು. ಇಳಿಸಲಾ ಅಂತ ಕೇಳಿದರು, ನಾನು ಬೇಡ ಅಂದೆ. ಮೂರನೇ ಸಲದ ಆಯಿಲ್ ಇನ್ನೂ ಬಾಕಿ ಇದೆ, ಅದು ಆಗಲಿ, ಆಮೇಲೆ ಮತ್ತೆ ಬಿಸಿಯಲ್ಲೇ ನೋಡೋಣ.